ಮಗಳ ಕಂಪ್ಯೂಟರ್ ಕೆಲಸ: ತಾಯಂದಿರು ತಿಳಿಯಬೇಕಾದದ್ದು

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಒಕ್ಕೂಟದ ಸಭೆ ಎಂದರೆ ಉಳಿತಾಯ, ಸಾಲ, ಕಂತು, ಬ್ಯಾಂಕ್ ಲಿಂಕೇಜ್ ಇವುಗಳ ಬಗ್ಗೆ ಮಾತನಾಡುವುದು ನಮ್ಮ ವಾಡಿಕೆ. ಈ ದಿನ ನಾವು ಬೇರೊಂದು ವಿಷಯ ಎತ್ತಿಕೊಂಡಿದ್ದೇವೆ. ಕಾರಣ ಉಂಟು. ಸಂಘಗಳ ಸಭೆಗೆ ಹೋದಲ್ಲೆಲ್ಲ ಈಚೆಗೆ ಒಂದೇ ಮಾತು ನಮ್ಮ ಕಿವಿಗೆ ಬೀಳುತ್ತಿದೆ. "ಸಿಸ್ಟರ್, ಮಗಳು ಬೆಳಗ್ಗಿನಿಂದ ರಾತ್ರಿವರೆಗೆ ಕಂಪ್ಯೂಟರ್ ಎದುರು ಕೂತಿರ್ತಾಳೆ. ಎಂತ ಕೆಲಸ ಅಂತ ಕೇಳಿದ್ರೆ, ನಿಂಗೆ ಅರ್ಥ ಆಗುದಿಲ್ಲ ಅಮ್ಮಾ ಅಂತಾಳೆ." ಮಗಳನ್ನು ಓದಿಸಿದವರು ನೀವು. ಬೀಡಿ ಕಟ್ಟಿ, ಗೇರುಬೀಜದ ಕಾರ್ಖಾನೆಗೆ ಹೋಗಿ, ಸಂಘದಿಂದ ಸಾಲ ತೆಗೆದು ಓದಿಸಿದ್ದೀರಿ. ಅವಳ ಕೆಲಸ ನಿಮಗೆ ಅರ್ಥ ಆಗುವುದಿಲ್ಲ ಎಂಬ ಮಾತನ್ನು ನಾವಂತೂ ಒಪ್ಪುವುದಿಲ್ಲ.

ಆದುದರಿಂದ ನಮ್ಮದೇ ಒಂದು ಸಂಘದ ಸದಸ್ಯೆಯ ಮಗಳನ್ನು ಕೂರಿಸಿ ಕೇಳಿದೆವು. ಒಂಬತ್ತು ವರ್ಷ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿದವಳು. ಈಗ ಊರಲ್ಲಿದ್ದಾಳೆ. ಯಾಕೆ ಊರಲ್ಲಿದ್ದಾಳೆ ಎಂಬುದನ್ನು ಮುಂದೆ ಹೇಳುತ್ತೇವೆ. ಹೆಸರು ಹೇಳಬಾರದೆಂಬ ಷರತ್ತಿನ ಮೇಲೆ ಅವಳೂ ಅವಳ ಅಮ್ಮನೂ ಒಪ್ಪಿಗೆ ಕೊಟ್ಟಿದ್ದಾರೆ. ಅವಳು ಹೇಳಿದ್ದೆಲ್ಲ ನಮಗೆ ಸರಿ ಕಾಣಲಿಲ್ಲ, ಅದನ್ನೂ ಮುಚ್ಚಿಡುವುದಿಲ್ಲ.

ಮೊದಲು, ಈ ಕೆಲಸ ಎಂತದ್ದು? ಅಮೆರಿಕದಲ್ಲಿ ಒಂದು ವಿಮಾ ಕಂಪನಿ. ಅಲ್ಲಿಯ ಜನ ಫೋನಿನಲ್ಲೇ ಅರ್ಜಿ ತುಂಬುತ್ತಾರೆ. ಆ ಅರ್ಜಿ ಸರಿಯಾಗಿ ನಡೆಯುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುವುದು ಇವಳ ಕೆಲಸ. ಹೆಸರಿನ ಜಾಗದಲ್ಲಿ ಅಂಕಿ ಬರೆದರೆ ಎಂತ ಆಗ್ತದೆ? ಹುಟ್ಟಿದ ತಾರೀಕು ಫೆಬ್ರವರಿ 30 ಅಂತ ಕೊಟ್ಟರೆ ತಪ್ಪು ಅಂತ ಹೇಳ್ತದೋ, ಸುಮ್ಮನೆ ತೆಗೆದುಕೊಳ್ತದೋ? ಹೀಗೆ ಬೇಕೆಂದೇ ನೂರು ಬಗೆಯಲ್ಲಿ ಕೆಡಿಸಿ ನೋಡುವುದು, ತಪ್ಪು ಸಿಕ್ಕಿದರೆ ಬರೆದು ಕಳಿಸುವುದು. ಇದನ್ನು ಕೇಳಿ ಅವಳ ಅಮ್ಮ, "ಹಾಗಾದ್ರೆ ನೀನು ಬೀಡಿ ಬ್ರಾಂಚಿನ ಚೆಕ್ಕರ್, ಅಷ್ಟೇ ಅಲ್ವಾ" ಎಂದರು. ಮಗಳಿಗೆ ನಗು ತಡೆಯಲಿಲ್ಲ. ಒಂಬತ್ತು ವರ್ಷ ಹೇಳಲಿಕ್ಕೆ ಆಗದ್ದು ಅರ್ಧ ಗಂಟೆಯಲ್ಲಿ ಮುಗಿಯಿತು.

ಈ ಕೆಲಸ ನಮ್ಮ ರಾಜ್ಯಕ್ಕೆ ನಿನ್ನೆ ಮೊನ್ನೆ ಬಂದದ್ದಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಕಂಪನಿ 1985ರಲ್ಲಿ ಬೆಂಗಳೂರಿಗೆ ಬಂತು. ಅದಕ್ಕೂ ಮೊದಲು, 1981ರಲ್ಲಿ ಪುಣೆಯಲ್ಲಿ ಶುರುವಾದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಸ್ಥಳಾಂತರವಾಗಿತ್ತು. ನಮ್ಮ ಮುಡಿಪಿನಲ್ಲೂ ಈಗ ಅದರ ಕಟ್ಟಡ ಉಂಟು. 2000ದ ಇಸವಿ ಹತ್ತಿರ ಬಂದಾಗ ದೊಡ್ಡ ಕೆಲಸ ಸಿಕ್ಕಿತು. ಸಂಘದ ಪುಸ್ತಕದಲ್ಲಿ ನಾವು ತಾರೀಕನ್ನು 5-8-99 ಎಂದು ಬರೆಯುತ್ತಿದ್ದೆವಲ್ಲ, ಹಳೆಯ ಕಂಪ್ಯೂಟರುಗಳಲ್ಲೂ ಇಸವಿಗೆ ಹಾಗೆ ಎರಡೇ ಅಂಕಿ. 99 ಮುಗಿದು 00 ಬಂದರೆ ಅದು 2000ವೋ 1900ವೋ ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಅದನ್ನು ಸಾಲು ಸಾಲಾಗಿ ತಿದ್ದಿದವರಲ್ಲಿ ನಮ್ಮ ದೇಶದ ಹುಡುಗ ಹುಡುಗಿಯರು ಸಾವಿರಾರು ಮಂದಿ. ನಾಸ್ಕಾಂ ಸಂಸ್ಥೆಯ ಲೆಕ್ಕದಂತೆ 2023-24ರಲ್ಲಿ ಈ ಕ್ಷೇತ್ರದಲ್ಲಿ ಸುಮಾರು 54 ಲಕ್ಷ ಜನ ಇದ್ದರು, ಅದರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೆಂಗಸರು.

ಈಗ ಸಂಬಳದ ಮಾತು. "ಮಗಳಿಗೆ ನಾಲ್ಕು ಲಕ್ಷದ ಕೆಲಸ" ಎಂದು ಊರಿಡೀ ಸುದ್ದಿಯಾಗುತ್ತದೆ. ಆ ನಾಲ್ಕು ಲಕ್ಷ ಕಂಪನಿಗೆ ಅವಳಿಂದ ಬೀಳುವ ಒಟ್ಟು ಖರ್ಚು. ಕಂಪನಿ ಕಟ್ಟುವ ಪಿ.ಎಫ್., ಗ್ರಾಚ್ಯುಟಿ, ವಿಮೆ, ವರ್ಷದ ಕೊನೆಗೆ ಸಿಕ್ಕಿದರೆ ಸಿಕ್ಕಿತು ಎನ್ನುವ ಬೋನಸ್ ಎಲ್ಲ ಅದರೊಳಗೇ ಸೇರಿದೆ. ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 33 ಸಾವಿರ ಎಂದು ಲೆಕ್ಕ ಹಾಕಬೇಡಿ. ಕೈಗೆ ಬರುವುದು ಅದಕ್ಕಿಂತ ಎಷ್ಟೋ ಕಡಿಮೆ, ಅದರಲ್ಲಿ ಬೆಂಗಳೂರಿನ ಪಿ.ಜಿ. ಬಾಡಿಗೆ, ಊಟ, ಬಸ್ಸು. ದೊಡ್ಡ ಕಂಪನಿಗಳಲ್ಲಿ ಹೊಸಬರ ಸಂಬಳ ಹದಿನೈದು ವರ್ಷಗಳಿಂದ ಮೂರರಿಂದ ನಾಲ್ಕು ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಅಕ್ಕಿಯ ಕ್ರಯ ಹಾಗೆ ನಿಂತಿದೆಯಾ? ನಾವು ಈ ಮಾತು ಹೇಳುವುದು ಯಾರ ಸಂತೋಷವನ್ನೂ ಕೆಡಿಸಲಿಕ್ಕಲ್ಲ. ಮಗಳ ಆಫರ್ ಲೆಟರ್ ಬಂದ ವಾರದಲ್ಲೇ ಸಂಘಕ್ಕೆ ಬಂದು ದೊಡ್ಡ ಸಾಲ ಕೇಳುವವರನ್ನು ನಾವು ನೋಡಿದ್ದೇವೆ.

ಸಮಯದ ವಿಷಯ ಕೇಳಿ. ಅಮೆರಿಕದ ನ್ಯೂಯಾರ್ಕಿನಲ್ಲಿ ಬೆಳಗ್ಗೆ 9 ಗಂಟೆ ಆದಾಗ ಇಲ್ಲಿ ಸಂಜೆ ಆರೂವರೆ, ಅವರ ಚಳಿಗಾಲದಲ್ಲಿ ಏಳೂವರೆ. ಅವರು ಆಫೀಸಿಗೆ ಬಂದು ಮಾತನಾಡಲು ಕರೆಯುವ ಹೊತ್ತಿಗೆ ಇವಳದ್ದು ಒಂದು ದಿನದ ಕೆಲಸ ಮುಗಿದಿರುತ್ತದೆ. "ಹಗಲಿನ ಕೆಲಸ ಒಂದು, ರಾತ್ರಿಯ ಮೀಟಿಂಗ್ ಇನ್ನೊಂದು, ಸಂಬಳ ಮಾತ್ರ ಒಂದೇ" ಎಂದಳು. ಮನೆಯಿಂದಲೇ ಕೆಲಸ ಶುರುವಾದ ಮೇಲೆ ಇದು ಇನ್ನೂ ಹೆಚ್ಚಾಯಿತಂತೆ. ಮೊದಲು ಆಫೀಸಿನ ಬಸ್ಸು ಹೊರಡುವ ಹೊತ್ತಿಗೆ ಏಳಲೇಬೇಕಿತ್ತು, ಮನೆಯಲ್ಲಿ ಬಸ್ಸು ಎಲ್ಲಿ ಉಂಟು? ಬೀಡಿ ಕಟ್ಟುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಲೆಯ ಮೇಲೆ ಅನ್ನ, ಮಡಿಲಲ್ಲಿ ಮೊರ.

ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ 1961ರದ್ದು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಅದಕ್ಕಿಂತ ಮೇಲೆ ದುಡಿಸಿದರೆ ಎರಡು ಪಟ್ಟು ಕೂಲಿ ಎಂದು ಅದರಲ್ಲಿದೆ. ಇವಳು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಎರಡು ಪಟ್ಟು ಕಂಡಿಲ್ಲ. 2023ರಲ್ಲಿ ಇನ್ಫೋಸಿಸ್ ಸ್ಥಾಪಕ ನಾರಾಯಣ ಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದದ್ದು ಪತ್ರಿಕೆಗಳಲ್ಲಿ ಬಂತಲ್ಲ. ಅದರ ಬಗ್ಗೆ ಇವಳ ಅಭಿಪ್ರಾಯ ಕೇಳಿದೆವು. "ಸಿಸ್ಟರ್, 70 ಗಂಟೆ ದುಡಿಯುವ ಗಂಡಸಿಗೆ ಬಟ್ಟೆ ಒಗೆದು ಅಡುಗೆ ಮಾಡಿ ಹಾಕುವವರು ಯಾರೋ ಇರ್ತಾರೆ. ನಂಗೆ ಯಾರಿದ್ದಾರೆ?" ನಮಗೆ ಈ ಉತ್ತರ ಬಹಳ ಸರಿ ಕಂಡಿತು. 2024ರ ಜುಲೈಯಲ್ಲಿ ದಿನಕ್ಕೆ 14 ಗಂಟೆಯವರೆಗೆ ದುಡಿಸಲು ಅವಕಾಶವಾಗುವ ಪ್ರಸ್ತಾಪ ನಮ್ಮ ರಾಜ್ಯದಲ್ಲಿ ಬಂದಾಗ, 2017ರಲ್ಲಿ ಹುಟ್ಟಿದ ಕರ್ನಾಟಕದ ಐಟಿ ನೌಕರರ ಸಂಘ ಬೀದಿಗಿಳಿದು ವಿರೋಧಿಸಿತು.

ನೀನೂ ಹೋಗಿದ್ದಿಯಾ ಎಂದು ಕೇಳಿದರೆ, ಇಲ್ಲ ಎಂದಳು. ಯೂನಿಯನ್ ಎಲ್ಲ ಕಾರ್ಖಾನೆಯವರಿಗೆ, ಓದಿದವರಿಗೆ ಅದು ಸರಿಹೋಗುದಿಲ್ಲ ಎಂಬುದು ಅವಳ ಅಭಿಪ್ರಾಯ. ಇಲ್ಲಿ ನಮಗೂ ಅವಳಿಗೂ ಸ್ವಲ್ಪ ಚರ್ಚೆ ಆಯಿತು. ಬೀಡಿ ಕಾರ್ಮಿಕರಿಗೆ 1966ರಲ್ಲಿ ಪ್ರತ್ಯೇಕ ಕಾಯಿದೆ ಬಂದದ್ದು ಯಾರೋ ದಯೆ ತೋರಿಸಿದ್ದರಿಂದ ಅಲ್ಲ. ಅವಳ ಅಜ್ಜಿಯ ಕಾಲದವರು ಒಟ್ಟಾಗಿ ಕೇಳಿದ್ದರಿಂದ ಬಂತು. ಅಮ್ಮನ ಕೈಯಲ್ಲಿ ಪಿ.ಎಫ್. ಚೀಟಿ ಉಂಟು, ಸಂಘ ಉಂಟು. ಮಗಳ ಕೈಯಲ್ಲಿ ದೊಡ್ಡ ಸಂಬಳ ಇತ್ತು, ಕಷ್ಟ ಬಂದಾಗ ಪಕ್ಕದಲ್ಲಿ ನಿಲ್ಲುವವರು ಇರಲಿಲ್ಲ.

ರಾತ್ರಿ ಪಾಳಿಯ ಬಗ್ಗೆ ತಾಯಂದಿರಿಗೆ ಭಯ ಇರುವುದು ಸಹಜ. ಅದೇ 1961ರ ಕಾಯಿದೆಯಲ್ಲಿ ಹೆಂಗಸರಿಗೆ ರಾತ್ರಿ ಕೆಲಸ ಇರಲಿಲ್ಲ. ಐಟಿ, ಕಾಲ್ ಸೆಂಟರ್‌ಗಳಿಗಾಗಿ 2002ರಲ್ಲಿ ತಿದ್ದುಪಡಿ ಮಾಡಿ, ವಾಹನ ಮತ್ತು ಭದ್ರತೆ ಕೊಡಬೇಕೆಂಬ ಷರತ್ತಿನ ಮೇಲೆ ಅವಕಾಶ ಕೊಟ್ಟರು. 2005ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ರಾತ್ರಿ ಪಾಳಿಗೆ ಹೊರಟ ಹೆಣ್ಣುಮಗಳನ್ನು ಕರೆದೊಯ್ಯಲು ಬಂದ ವಾಹನದ ಚಾಲಕನೇ ಕೊಂದ. ಹಾಗಾಗಿ ವಾಹನ ಯಾರದ್ದು, ಒಬ್ಬಳೇ ಇರುವಾಗ ಜೊತೆಗೆ ಕಾವಲಿನವರು ಇದ್ದಾರಾ, ಕೊನೆಗೆ ಇಳಿಯುವವಳು ಯಾರು ಎಂದು ನೀವು ಕೇಳಿದರೆ ಅದು ಹಳ್ಳಿಯ ಪ್ರಶ್ನೆ ಅಲ್ಲ. ಅವಳಿಗೆ ಮುಜುಗರ ಆದರೂ ಕೇಳಿ.

ಕಿರುಕುಳದ ವಿಷಯದಲ್ಲಿ 2013ರ ಕಾಯಿದೆ ಉಂಟು. ಹತ್ತು ಅಥವಾ ಹೆಚ್ಚು ಜನ ಇರುವ ಯಾವ ಕೆಲಸದ ಜಾಗದಲ್ಲೂ ಆಂತರಿಕ ಸಮಿತಿ ಇರಬೇಕು, ಅದಕ್ಕೆ ಹೆಂಗಸೇ ಅಧ್ಯಕ್ಷೆ. ಮೂರು ತಿಂಗಳ ಒಳಗೆ ಬರೆದು ದೂರು ಕೊಡಬೇಕು. ಇದು ಗಾಜಿನ ಕಟ್ಟಡದವರಿಗೆ ಮಾತ್ರ ಎಂದು ತಿಳಿಯಬೇಡಿ, ಗೇರುಬೀಜದ ಕಾರ್ಖಾನೆಗೂ ಇದೇ ಕಾಯಿದೆ. ಹತ್ತು ಜನ ಇಲ್ಲದ ಕಡೆಯವರು, ಮನೆಕೆಲಸದವರು, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ರಾತ್ರಿ ಹನ್ನೊಂದಕ್ಕೆ ಮೇಲಧಿಕಾರಿ ಕಳಿಸುವ ಕೆಟ್ಟ ಸಂದೇಶವೂ ಕಿರುಕುಳವೇ. ಅಳಿಸಿ ಹಾಕಬೇಡಿ, ಇಟ್ಟುಕೊಳ್ಳಿ ಎಂದು ಇವಳು ಹೇಳಿದಳು. ಹೆರಿಗೆ ರಜೆ 2017ರಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಆಗಿದೆ, ಸಂಬಳ ಸಮೇತ. ರಜೆ ಸಿಗುತ್ತದೆ, ಸರಿ. ಮುಗಿಸಿ ಹೋದಾಗ ಅವಳ ಕೆಲಸ ಬೇರೆಯವರ ಕೈಯಲ್ಲಿರುತ್ತದೆ. 'ಬೆಂಚ್' ಎನ್ನುತ್ತಾರೆ, ಅಂದರೆ ಸಂಬಳ ಕೊಟ್ಟು ಕೆಲಸ ಕೊಡದೆ ಕೂರಿಸುವುದು. ಹೆಚ್ಚು ದಿನ ಬೆಂಚಿನಲ್ಲಿ ಕೂತವರ ಹೆಸರು ಮೊದಲು ತೆಗೆಯುವ ಪಟ್ಟಿಗೆ ಹೋಗುತ್ತದೆ.

ಇವಳು ಯಾಕೆ ಊರಲ್ಲಿದ್ದಾಳೆ ಎಂದು ಈಗ ಹೇಳುತ್ತೇವೆ.

2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ, ಕೇಳಿದ್ದಕ್ಕೆ ಉತ್ತರ ಬರೆಯುವ, ಲೆಕ್ಕ ಮಾಡುವ, ಪರೀಕ್ಷೆಯನ್ನೂ ಮಾಡುವ ಯಂತ್ರಬುದ್ಧಿ ಎಲ್ಲ ಕಂಪನಿಗೂ ನುಗ್ಗಿತು. ಇವಳ ವಿಭಾಗದಲ್ಲಿ ಆರು ಜನ ಮಾಡುತ್ತಿದ್ದ ಕೆಲಸಕ್ಕೆ ಇಬ್ಬರು ಸಾಕು ಎಂದರು. ಆ ಯಂತ್ರದ ಬಗ್ಗೆ ಅವಳಿಗೆ ಸಿಟ್ಟಿಲ್ಲ. ತಪ್ಪು ಹೇಳುವಾಗಲೂ ಅದು ಧೈರ್ಯದಿಂದಲೇ ಹೇಳುತ್ತದೆ, ಅದನ್ನು ಪರೀಕ್ಷಿಸಲು ಮನುಷ್ಯರು ಬೇಕೇ ಬೇಕು, ಆದರೆ ಎಷ್ಟು ಮಂದಿ ಬೇಕು ಎಂದು ತೀರ್ಮಾನಿಸುವವರು ನಾವಲ್ಲ ಎಂಬುದು ಅವಳ ಅಭಿಪ್ರಾಯ. ಒಂದು ಮಂಗಳವಾರ ಹತ್ತು ನಿಮಿಷದ ಮೀಟಿಂಗಿಗೆ ಕರೆದರು. ನೀವೇ ರಾಜೀನಾಮೆ ಕೊಡಿ, ನಾವು ತೆಗೆದರೆ ನಿಮಗೆ ಮುಂದೆ ಎಲ್ಲಿಯೂ ಕೆಲಸ ಸಿಗಲಿಕ್ಕಿಲ್ಲ ಎಂದರು. ಇವಳು ಅಲ್ಲೇ ಸಹಿ ಹಾಕಿದಳು. ಅರ್ಧ ಗಂಟೆಯಲ್ಲಿ ಲ್ಯಾಪ್‌ಟಾಪ್, ಐಡಿ ಕಾರ್ಡ್ ವಾಪಸ್. "ಕಂಪನಿ ಅಂದ್ರೆ ಒಂದು ಕುಟುಂಬ ಅಂತಿದ್ರು ಸಿಸ್ಟರ್. ಮನೆಯಲ್ಲಿ ಯಾರಾದ್ರೂ ಕಾರ್ಡ್ ವಾಪಸ್ ಕೇಳ್ತಾರಾ?"

ಹೀಗೆ ರಾಜೀನಾಮೆ ಬರೆಸಿಕೊಂಡರೆ ಕಂಪನಿ ತೆಗೆದದ್ದು ಎಂದು ಎಲ್ಲಿಯೂ ದಾಖಲೆ ಆಗುವುದಿಲ್ಲ. ದೊಡ್ಡ ಕಂಪನಿಗಳು ಕೆಲವೊಮ್ಮೆ ಬಹಿರಂಗವಾಗಿ ಹೇಳುತ್ತವೆ, 2025ರ ಜುಲೈಯಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಶೇಕಡಾ ಎರಡು, ಅಂದರೆ ಸುಮಾರು 12,000 ಜನರನ್ನು ಕಡಿಮೆ ಮಾಡುವುದಾಗಿ ಹೇಳಿದ ಹಾಗೆ. ಸಹಿ ಹಾಕಿ ಸುಮ್ಮನೆ ಊರಿಗೆ ಬಂದವರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಸುಮ್ಮನೆ ಊರಿಗೆ ಬಂದಳು ಎಂದೆವು, ಆದರೆ ಇವಳು ಕೂಡಲೇ ಬರಲಿಲ್ಲ. ಅಮ್ಮ ಮಾಡು ರಿಪೇರಿಗೆ ಲಿಂಕೇಜ್ ಸಾಲ ತೆಗೆದಿದ್ದರು. ತಿಂಗಳಿಗೆ 7,500 ರೂಪಾಯಿ ಕಂತು, ಮಗಳು ಕಳಿಸುವ ಹಣದಿಂದಲೇ ಕಟ್ಟುತ್ತಿದ್ದರು. ಕೆಲಸ ಹೋದದ್ದನ್ನು ಹೇಳಿದರೆ ಅಮ್ಮನಿಗೆ ಸಂಘದಲ್ಲಿ ತಲೆ ತಗ್ಗಿಸಬೇಕಾಗುತ್ತದೆ ಎಂದು ಹೇಳಲೇ ಇಲ್ಲ. ನಾಲ್ಕು ತಿಂಗಳು ಉಳಿತಾಯದಿಂದ ಕಳಿಸಿದಳು. ಬೆಳಗ್ಗೆ ಎದ್ದು ಅಮ್ಮನಿಗೆ ಫೋನ್ ಮಾಡಿ "ಆಫೀಸಿಗೆ ಹೊರಟೆ" ಎನ್ನುವುದು, ಮತ್ತೆ ಮಂಚದ ಮೇಲೆ ಕೂರುವುದು. ಐದನೇ ತಿಂಗಳು ಫೋನಿನಲ್ಲಿ ಸಾಲ ಕೊಡುವ ಒಂದು ಆ್ಯಪ್‌ನಿಂದ ಸಾಲ ತೆಗೆದಳು. ಆ್ಯಪ್ ಹಾಕುವಾಗ "ನಿಮ್ಮ ಫೋನಿನಲ್ಲಿರುವ ಹೆಸರು, ನಂಬರುಗಳನ್ನು ನೋಡಲು ಅನುಮತಿ ಕೊಡಿ" ಎಂದು ಕೇಳಿತು. ಕೊಟ್ಟಳು.

ಸಹೋದರಿಯರೇ, ಇದನ್ನು ಗಮನಿಸಿ. ಒಂಬತ್ತು ವರ್ಷ ಇಂಥ ಗುಂಡಿಗಳನ್ನೇ ಒತ್ತಿ ಪರೀಕ್ಷೆ ಮಾಡಿದವಳು ಅವಳು. ಅನುಮತಿ ಎಂದರೆ ಎಂತ ಎಂದು ಅವಳಿಗೆ ಗೊತ್ತಿಲ್ಲದ್ದಲ್ಲ. ಸಾಲ ಕೊಡುವ ಆ್ಯಪ್‌ಗಳು ಹೆಸರು ನಂಬರುಗಳ ಪಟ್ಟಿಯನ್ನು ಮುಟ್ಟಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ, ಈಗಲೂ ಅದೇ ನಿಯಮ. ಮುಟ್ಟಲು ಕೇಳುತ್ತದೆ ಎಂದರೆ ಅದು ಕಳ್ಳ ಆ್ಯಪ್. "ಗೊತ್ತಿತ್ತು ಸಿಸ್ಟರ್. ತಾರೀಕು ಐದು ಆಗಿತ್ತು, ಏಳಕ್ಕೆ ಕಂತು" ಎಂದಳು. ಓದಿಲ್ಲದವರು ಮಾತ್ರ ಮೋಸ ಹೋಗುತ್ತಾರೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ.

ಎರಡು ವಾರದಲ್ಲಿ ಬೈಗುಳದ ಫೋನುಗಳು ಶುರುವಾದವು. ಮೊದಲು ಅವಳಿಗೆ, ನಂತರ ಗೆಳತಿಯರಿಗೆ, ಅಮ್ಮನಿಗೆ, ಕೊನೆಗೆ ಸಂಘದ ಅಧ್ಯಕ್ಷೆಗೇ ಬಂತು. ಅಧ್ಯಕ್ಷೆ ಆ ಸಂಜೆಯೇ ಅಮ್ಮನ ಮನೆಗೆ ಹೋದರು. ಹೋಗುವಾಗ ಬೇರೆ ಯಾರಿಗೂ ಹೇಳಲಿಲ್ಲ, ಇದನ್ನು ನಾವು ಮೆಚ್ಚಿದೆವು. ಅಮ್ಮ ಮಗಳಿಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ: "ರಾತ್ರಿ ಬಸ್ಸಿಗೆ ಹೊರಡು ಮಗಾ. ಪಿ.ಎಫ್. ಮಾತ್ರ ತೆಗಿಬೇಡ." ಬೀಡಿಯ ಪಿ.ಎಫ್. ಅನ್ನು ಅವಸರದಲ್ಲಿ ತೆಗೆದು ಪೇಚಾಡಿದವರನ್ನು ಕಂಡವರು ಅವರು. ಮರುದಿನ ಬೈಯುವವರ ನಂಬರು, ಸಂದೇಶಗಳ ಚಿತ್ರ ಎಲ್ಲ ತೆಗೆದುಕೊಂಡು 1930ಕ್ಕೆ ಫೋನ್ ಮಾಡಿ ಸೈಬರ್ ದೂರು ಕೊಟ್ಟರು. ಸಂಘ ನಿರ್ಣಯ ಬರೆದು, ಆಂತರಿಕ ಸಾಲದಿಂದ ಮೂರು ತಿಂಗಳ ಕಂತಿಗೆ ದಾರಿ ಮಾಡಿತು. ಅಮ್ಮ ಆ ನಿರ್ಣಯಕ್ಕೆ ಸಹಿ ಹಾಕುವಾಗ ಅತ್ತರು. ನಾವು ಆ ಸಭೆಯಲ್ಲಿ ಇದ್ದೆವು.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೆಲಸದಿಂದ ತೆಗೆದರೂ ರಾಜೀನಾಮೆ ಕೊಟ್ಟರೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. ಕೆಲಸಕ್ಕೆ ಸೇರುವಾಗ ನೇಮಕಾತಿ ಪತ್ರ ಕೊಡಲೇಬೇಕು. ಒತ್ತಾಯದ ರಾಜೀನಾಮೆಗೆ ಅದೇ ಹೊತ್ತಿನಲ್ಲಿ ಸಹಿ ಹಾಕಬೇಕೆಂದು ಯಾವ ಕಾನೂನಿನಲ್ಲೂ ಇಲ್ಲ. "ಮನೆಯಲ್ಲಿ ಕೇಳಿ ನಾಳೆ ಹೇಳ್ತೇನೆ" ಎನ್ನಬಹುದು. ಹಾಗೆ ಹೇಳಬೇಕಾದರೆ ಮನೆಯಲ್ಲಿ ಕೇಳಬಹುದು ಎಂಬ ಧೈರ್ಯ ಮಗಳಿಗೆ ಇರಬೇಕಲ್ಲ.

ಫೋನಿನ ಬಗ್ಗೆ ಅವಳು ಇನ್ನೂ ಹಲವು ಮಾತು ಹೇಳಿದಳು. ಕಂಪನಿಗಳು ಅರ್ಧ ಜನರಿಗೆ ಹಸಿರು ಗುಂಡಿ, ಅರ್ಧ ಜನರಿಗೆ ಕೆಂಪು ಗುಂಡಿ ತೋರಿಸಿ ಯಾವುದನ್ನು ಹೆಚ್ಚು ಮಂದಿ ಒತ್ತುತ್ತಾರೆ ಎಂದು ಲೆಕ್ಕ ಇಡುತ್ತವಂತೆ, ಗೆದ್ದ ಗುಂಡಿ ಉಳಿಯುತ್ತದೆ. ರೀಲ್ಸ್ ನೋಡುತ್ತಾ ಕೂತರೆ ಮುಗಿಯುವುದೇ ಇಲ್ಲ, ಮುಗಿಯಬಾರದು ಎಂದೇ ಮಾಡಿದ್ದು. "ಅಮ್ಮ ಬೀಡಿ ಎಷ್ಟಾಯಿತು ಅಂತ ಎಣಿಸ್ತಾಳೆ, ಫೋನ್ ಅಮ್ಮನ ನಿಮಿಷಗಳನ್ನು ಎಣಿಸ್ತದೆ" ಎಂದಳು. ಆದುದರಿಂದ ತಾಯಂದಿರಿಗೆ ಸ್ಮಾರ್ಟ್‌ಫೋನೇ ಬೇಡ, ಗುಂಡಿಯ ಹಳೆ ಫೋನ್ ಸಾಕು ಎಂಬುದು ಅವಳ ಅಭಿಪ್ರಾಯ. ಇದನ್ನು ನಾವು ಖಂಡಿತ ಒಪ್ಪುವುದಿಲ್ಲ. ಬ್ಯಾಂಕಿನಲ್ಲಿ ಹಣ ಎಷ್ಟುಂಟು, ದುಬೈಯಲ್ಲಿರುವ ಮಗನ ಮುಖ, ಸಂಘದ ಸಭೆಯ ನೋಟೀಸು ಎಲ್ಲ ಅದರಲ್ಲೇ ಬರುವಾಗ, ಹೆಂಗಸರಿಗೆ ಬೇಡ ಎಂದರೆ ಪುನಃ ಗಂಡನನ್ನೋ ಮಗನನ್ನೋ ಕೇಳಿಕೊಂಡು ಕೂರಬೇಕು. ಫೋನ್ ಇರಲಿ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಕಳಿಸಲು ಮಾತ್ರ ಬೇಕು ಎಂಬುದು ಗೊತ್ತಿರಲಿ. ಪೊಲೀಸ್ ಸಮವಸ್ತ್ರ ಹಾಕಿ ವಿಡಿಯೋ ಕರೆಯಲ್ಲಿ "ಡಿಜಿಟಲ್ ಅರೆಸ್ಟ್" ಎನ್ನುವವರು ಕಳ್ಳರು, ನಮ್ಮ ದೇಶದ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಹಣ ಹೋದರೆ ಮರುದಿನಕ್ಕೆ ಕಾಯದೆ ಕೂಡಲೇ 1930ಕ್ಕೆ ಫೋನ್ ಮಾಡಿ.

ಮಗನಿಗೆ ವಿದೇಶದಲ್ಲಿ ಕಂಪ್ಯೂಟರ್ ಕೆಲಸ, ಸಂಬಳ ಲಕ್ಷ, ವೀಸಾ ನಾವೇ ಮಾಡ್ತೇವೆ ಎಂದು ವಾಟ್ಸಾಪ್‌ನಲ್ಲಿ ಬಂದರೆ ತುಂಬಾ ಎಚ್ಚರ ಬೇಕು. ಥಾಯ್ಲೆಂಡಿನಲ್ಲಿ ಕೆಲಸ ಎಂದು ಕರೆದು ಮ್ಯಾನ್ಮಾರ್ ಗಡಿ ದಾಟಿಸಿ, ಬಂದೂಕಿನ ಕಾವಲಿನಲ್ಲಿ ಕೂರಿಸಿ, ಜನರಿಗೆ ಮೋಸ ಮಾಡುವ ಕೆಲಸ ಮಾಡಿಸಿದ್ದಾರೆ. 2025ರ ಮಾರ್ಚ್‌ನಲ್ಲಿ ಸರಕಾರ ವಾಯುಪಡೆಯ ವಿಮಾನಗಳಲ್ಲಿ ಅಲ್ಲಿಂದ 500ಕ್ಕಿಂತ ಹೆಚ್ಚು ಭಾರತೀಯರನ್ನು ಬಿಡಿಸಿ ತಂದಿತು. ಏಜೆಂಟನ ಹೆಸರು ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಉಂಟೋ ಎಂದು ನೋಡದೆ ಒಂದು ರೂಪಾಯಿಯೂ ಕೊಡಬೇಡಿ.

ಇವಳು ಈಗ ಮನೆಯಲ್ಲೇ ಕೂತು ಸಣ್ಣ ಸಣ್ಣ ಕೆಲಸ ಹಿಡಿದು ಮಾಡುತ್ತಿದ್ದಾಳೆ. ಬೆಂಗಳೂರಿನ ಎರಡು ಕಂಪನಿಗಳ ಸಂದರ್ಶನ ಆಗಿದೆ, ಫಲಿತಾಂಶ ಬಂದಿಲ್ಲ. ಮಾಡಿನ ಸಾಲ ಇನ್ನೂ ಹನ್ನೊಂದು ಕಂತು ಉಂಟು. ಅಮ್ಮ ಪುನಃ ಬೀಡಿ ಎಲೆ ತರಲು ಬ್ರಾಂಚಿಗೆ ಹೋಗುತ್ತಿದ್ದಾರೆ, ಮಗಳು ಅದಕ್ಕೆ ಬೇಸರ ಮಾಡುತ್ತಾಳೆ, ಅಮ್ಮ ಕೇಳುವುದಿಲ್ಲ.

ಮುಂದಿನ ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಅವಳು ಒಕ್ಕೂಟದ ಕೋಣೆಯಲ್ಲಿ ಕೂರಲು ಒಪ್ಪಿದ್ದಾಳೆ. ಮಗ ಅಥವಾ ಮಗಳ ಆಫರ್ ಲೆಟರ್ ಇದ್ದವರು ಅದರ ಪ್ರತಿ ತನ್ನಿ, ಕೈಗೆ ಎಷ್ಟು ಬರುತ್ತದೆ ಎಂದು ಸಾಲು ಸಾಲಾಗಿ ಓದಿ ಹೇಳುತ್ತಾಳೆ. ಪಿ.ಎಫ್. ಖಾತೆ ನೋಡುವುದನ್ನೂ, ಫೋನಿನಲ್ಲಿ ಯಾವ ಆ್ಯಪ್‌ಗೆ ಎಂತ ಅನುಮತಿ ಕೊಟ್ಟಿದ್ದೀರಿ ಎಂದು ತೆಗೆದು ನೋಡುವುದನ್ನೂ ಕಲಿಸುತ್ತಾಳೆ. ಸಂಘಕ್ಕೆ ಇಬ್ಬರಂತೆ ಬನ್ನಿ, ಫೋನ್ ಚಾರ್ಜ್ ಮಾಡಿಕೊಂಡು ಬನ್ನಿ. ಕಳೆದ ಸಲ ಕೋಣೆಯಲ್ಲಿ ಕರೆಂಟ್ ಇರಲಿಲ್ಲ.